ಚೆಕ್‌ಲಿಸ್ಟ್‌ನಾಗ ಎಲ್ಲಾ ‘ಹೌದು’ ಅದ, ಲ್ಯಾಬ್ ಸುರಕ್ಷಿತ ಅದ ಏನ್ರಿ?

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಯಾದಗಿರಿ): ನಮಸ್ಕಾರ್ರಿ ಮೇಡಂ. ನಮ್ಮ ಲ್ಯಾಬಿನ ಬಯೋಸೇಫ್ಟಿ (ರೋಗಾಣು ತಗಲದಂಗ ಇರೋ ಸುರಕ್ಷತೆ) ನೋಡಿ ವರದಿ ಕೊಡು ಅಂದಾರ. ಫಾರ್ಮ್‌ನಾಗ ಗ್ಲೌಸ್ ಅವ ಏನು, ಹೈಪೋ (ರೋಗಾಣು ಕೊಲ್ಲೋ ಬ್ಲೀಚ್ ನೀರು) ಅದ ಏನು ಅಂತ ಕೇಳ್ಯಾರ. ಎಲ್ಲಾದಕ್ಕೂ ‘ಹೌದು’ ಬರೀಬಹುದು, ಆದ್ರ ಸಮಾಧಾನ ಇಲ್ಲ. ಖರೇ ನೋಡ್ಬೇಕಾದ್ದು ಏನ್ರಿ?

ಉತ್ತರ (ಮೈಕ್ರೋಬಯಾಲಜಿ ಡಾಕ್ಟರ್, ಕಲಬುರಗಿ): ಛಲೋ ಕೇಳಿದ್ರಿ ತಂಗಿ. ಫಾರ್ಮ್ ಬದಿಗಿಡ್ರಿ. ಮುಂಜಾನಿ ಗದ್ದಲ ಇರೋ ಹೊತ್ತಿನಾಗ ಒಂದೇ ಒಂದು ರಕ್ತದ ಟ್ಯೂಬ್ ಹಿಂದ ಹೋಗ್ರಿ, ಸೂಜಿ ಚುಚ್ಚಿದಾಗಿಂದ ಕಸದ ಗಾಡಿ ಹತ್ತೋ ತನಕ. ಸೂಜಿಗೆ ಮತ್ತ ಕ್ಯಾಪ್ ಹಾಕ್ತಾರೇನು? ಅದೇ ಗ್ಲೌಸ್‌ನಾಗ ಮೊಬೈಲ್, ಬಾಗಿಲು ಮುಟ್ತಾರೇನು? ಸೂಜಿ ಹಾಕೋ ಬಿಳಿ ಡಬ್ಬಿ ಕೈಗೆ ಸಿಗೋ ಹಂಗ ಅದೋ, ಸೂಜಿ ಹಿಡ್ಕೊಂಡು ನಡ್ದು ಹೋಗ್ಬೇಕೋ?

ಹೈಪೋ ಇದ್ರ ಸಾಲದು. ಬಿಸಿಲು, ಸೆಕಿಗೆ ಅದರ ಕ್ಲೋರಿನ್ ಹಾರಿಹೋಗ್ತದ, ನಮ್ಮ ಕಡಿ ಬ್ಯಾಸಗಿ ನಿಮಗ ಗೊತ್ತೇ ಅದ. ಕ್ಯಾನ್ ಕಿಟಕಿ ಬಾಜೂಕ ಇಡಬ್ಯಾಡ್ರಿ. 5% ಕ್ಯಾನ್ ಇದ್ರ ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿ ದಿನಾ ಹೊಸದಾಗಿ 1% ಮಾಡ್ರಿ, ಡಬ್ಬಿ ಮ್ಯಾಲ ತಾರೀಖು ಬರೀರಿ. ರಕ್ತ ಚೆಲ್ಲಿದ್ರ ಮೊದ್ಲು ಒರೆಸೋದಲ್ಲ. ಬಟ್ಟಿ ಹಾಸಿ, ಮ್ಯಾಲ ಹೈಪೋ ಸುರಿದು, ಅರ್ಧ ತಾಸು ಬಿಡ್ರಿ.

ಆಮ್ಯಾಲ ಕಸ ಹೊಡಿಯೋ ಅಮ್ಮನ ಹತ್ರ ಕುಂತು ಮಾತಾಡ್ರಿ. ಚೀಲದಾಗ ಸೂಜಿ ಸಿಗ್ತದೇನು ಅಂತ ಅವರೇ ಹೇಳ್ತಾರ. ಹೆಪಟೈಟಿಸ್ ಬಿ ಲಸಿಕೆ (0, 1, 6 ತಿಂಗಳು) ಟೆಕ್ನಿಷಿಯನ್‌ಗಳಿಗೆ ಆಗಿ ಅವರಿಗೆ ಆಗಿರಲ್ಲ, ಬಹಳ ಕಡಿ ಇದೇ ಕಥಿ. ನನಗ ಭಾಳ ಸಂಕಟ ಆಗೋದು ಇದ್ರಾಗೇ. ಸೂಜಿ ಚುಚ್ಚಿದ್ರ ರಾತ್ರಿ ಹೊತ್ತಿನಾಗ ಯಾರಿಗೆ ಫೋನ್ ಮಾಡ್ಬೇಕಂತ ಕೇಳ್ರಿ. ಎಚ್‌ಐವಿ ತಡೆಯೋ ಗುಳಿಗಿ ಎಷ್ಟು ಲಗೂನ ಶುರು ಮಾಡಿದ್ರ ಅಷ್ಟು ಒಳ್ಳೇದು, 72 ತಾಸು ದಾಟಬಾರ್ದು.

ಪ್ರಶ್ನೆ (ಅದೇ ಟೆಕ್ನಿಷಿಯನ್): ಕುರಿ ಸಾಕೋರ ಜ್ವರದ ಬ್ಲಡ್ ಕಲ್ಚರ್ (ರಕ್ತದಾಗಿನ ರೋಗಾಣು ಪ್ಲೇಟ್‌ನಾಗ ಬೆಳೆಸಿ ನೋಡೋ ಪರೀಕ್ಷೆ) ಬರ್ತಾವ್ರಿ. ಲ್ಯಾಮಿನಾರ್ ಫ್ಲೋದಾಗ (ಸೋಸಿದ ಗಾಳಿ ಬೀಸೋ ಮೇಜು) ಮಾಡ್ತೀವಿ. ನಡೀತದಲ್ರಿ?

ಉತ್ತರ: ಇಲ್ಲ ತಂಗಿ, ಇವತ್ತೇ ನಿಲ್ಲಿಸ್ರಿ. ಲ್ಯಾಮಿನಾರ್ ಫ್ಲೋ ಗಾಳಿ ಪ್ಲೇಟ್ ಮ್ಯಾಲ ಹಾದು ನಿಮ್ಮ ಮಾರಿಗೆ ಬಡೀತದ. ಅದು ಪ್ಲೇಟ್ ಕಾಯ್ತದ, ನಿಮ್ಮನ್ನಲ್ಲ. ಬ್ರುಸೆಲ್ಲಾ (ಕುರಿ, ದನದಿಂದ ಮನುಷ್ಯರಿಗೆ ಬರೋ ಜ್ವರದ ರೋಗಾಣು) ಉಸಿರಿನಾಗ ಸ್ವಲ್ಪೇ ಹೋದ್ರೂ ರೋಗ ಹತ್ತತದ, ಜಗತ್ತಿನಾಗ ಲ್ಯಾಬ್ ಮಂದಿಗೆ ಅತಿ ಹೆಚ್ಚು ತಗಲೋ ಸೋಂಕಿನಾಗ ಅದೂ ಒಂದು. ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ (ಗಾಳಿ ಸೋಸಿ, ಕೆಲಸ ಮಾಡೋರನ್ನೂ ಕಾಯೋ ಪೆಟ್ಟಿಗಿ) ಬೇಕೇ ಬೇಕು. ನಿಧಾನ ಬೆಳೆಯೋ, ಸಣ್ಣ ಗ್ರಾಂ ನೆಗೆಟಿವ್ ಕಾಕೋಬ್ಯಾಸಿಲೈ (ಗ್ರಾಂ ಬಣ್ಣದಾಗ ಗುಲಾಬಿ ಕಾಣೋ, ಗಿಡ್ಡ ಕಡ್ಡಿಯಂಥ ರೋಗಾಣು) ಕಂಡ್ರ ಪ್ಲೇಟ್ ಮೂಸಬ್ಯಾಡ್ರಿ, ಟೇಪ್ ಹಚ್ಚಿ, ಸೌಲಭ್ಯ ಇರೋ ಲ್ಯಾಬಿಗೆ ಹೇಳಿ ಕಳಸ್ರಿ. ‘ಕುರಿ ಸಾಕ್ತಾರ, ಬ್ರುಸೆಲ್ಲಾ ಸಂಶಯ’ ಅಂತ ಡಾಕ್ಟರ್ ಕಡಿಂದ ಫಾರ್ಮ್‌ನಾಗ ಮೊದ್ಲೇ ಬರೆಸ್ಕೋರಿ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಬೀದರ್): ನಮ್ಮಲ್ಲಿ ಕ್ಲಾಸ್ 2 ಅದ ಮೇಡಂ, ಆದ್ರ ಸೆಕಿಗೆ ಮ್ಯಾಲ ಫ್ಯಾನ್ ಹಚ್ತೀವಿ.

ಉತ್ತರ: ಫ್ಯಾನ್ ಗಾಳಿ ಕ್ಯಾಬಿನೆಟ್ ಮುಂದಿನ ಗಾಳಿ ಪರದೆ ಒಡೀತದ ತಮ್ಮಾ, ಒಳಗಿನದು ಹೊರಗ ಬರ್ತದ. ಕೆಲಸ ಮಾಡುವಾಗ ಫ್ಯಾನ್ ಬಂದ್ ಇರ್ಲಿ, ಬಾಗಿಲೂ ಹಾಕ್ರಿ. ಎಸಿ ಇದ್ರ ಅದರ ಗಾಳಿ ಕ್ಯಾಬಿನೆಟ್ ಕಡಿ ತಿರುಗಿರಬಾರ್ದು. ಇಲ್ಲಂದ್ರ ಕಲ್ಚರ್ ಕೆಲಸ ಮುಂಜಾನಿ ತಂಪಿನಾಗ ಮುಗಿಸ್ರಿ. ಕ್ಯಾಬಿನೆಟ್ ಕಡೀಕ ಯಾವಾಗ ಟೆಸ್ಟ್ ಆಗ್ಯದ ಅಂತ ಸ್ಟಿಕ್ಕರ್ ನೋಡ್ರಿ, ವರ್ಷ ದಾಟಿದ್ರ ಗೈಡ್‌ಗೆ ಬರವಣಿಗಿಯಾಗ ತಿಳಸ್ರಿ.