ಸರ್ಕಾರಿ ಸೆಂಟರಲ್ಲಿ ಆಟಿಸಂ ಅಸೆಸ್‌ಮೆಂಟ್‌ಗೆ ಡೇಟ್ ತುಂಬಾ ದೂರ ಇದೆ, ಅಲ್ಲಿವರೆಗೂ ಸುಮ್ನೆ ಕಾಯ್ಬೇಕಾ?

ಪುಟ್ಟನಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಎರಡೂವರೆ ವರ್ಷ ಆಗ್ತಾ ಬಂತು. ಮೊದ್ಲು ಒಂದೆರಡು ಮಾತು ಬರ್ತಿತ್ತು, ಆಮೇಲೆ ಅದೂ ನಿಂತೋಯ್ತು. ಹೆಸರಿಡಿದು ಕರೆದ್ರೆ ತಿರುಗಿ ನೋಡಲ್ಲ ಆದ್ರೆ ಅವನಿಷ್ಟದ ಹಾಡು ಹಾಕಿದ್ರೆ ಯಾವ ರೂಮಲ್ಲಿದ್ರೂ ಓಡಿ ಬರ್ತಾನೆ, ಏನಾದ್ರೂ ಬೇಕಂದ್ರೆ ಬೆರಳು ತೋರ್ಸಲ್ಲ, ನನ್ನ ಕೈ ಹಿಡ್ಕೊಂಡು ಅಲ್ಲಿಗೇ ಎಳ್ಕೊಂಡು ಹೋಗ್ತಾನೆ. ಮಕ್ಕಳ ಡಾಕ್ಟ್ರು ಇಪ್ಪತ್ತು ಪ್ರಶ್ನೆ ಇರೋ ಒಂದು ಫಾರ್ಮ್ ತುಂಬಿಸ್ಕೊಂಡು ಸ್ಕೋರ್ 9 ಅಂದು ಸರ್ಕಾರಿ ಸೆಂಟರ್‌ಗೆ ಬರ್ಕೊಟ್ರು, ಅಲ್ಲಿ ನೋಡಿದ್ರೆ ಡೇಟ್ ಕೊಟ್ಟಿರೋದು ಎಷ್ಟೋ ತಿಂಗಳಾದ್ಮೇಲೆ. ಪ್ರೈವೇಟ್ ನಮ್ ಕೈಲಾಗಲ್ಲ. 9 ಅಂದ್ರೆ ಆಟಿಸಂ ಅಂತ ಕನ್ಫರ್ಮ್ ಆದಂಗಾ? ರಿಪೋರ್ಟ್ ಇಲ್ದೆ ಥೆರಪಿ ಕೊಡಲ್ವಾ? ಮನೇಲಿ ಎಲ್ರೂ ಲೇಟಾಗಿ ಮಾತಾಡ್ತಾನೆ ಬಿಡು ಅಂತಿದಾರೆ.

ಹಳೇಮೆಂಬರ್:
ಕನ್ಫರ್ಮ್ ಅಲ್ಲ ಮೇಡಂ. ಅದು ಎಂ-ಚಾಟ್ ಅನ್ನೋ ಫಾರ್ಮ್ ಇರ್ಬೇಕು, 16ರಿಂದ 30 ತಿಂಗಳ ಮಕ್ಕಳಿಗೆ ಮಾಡೋದು. 2ರೊಳಗೆ ಬಂದ್ರೆ ಸದ್ಯಕ್ಕೆ ಚಿಂತೆ ಕಡಿಮೆ, 3ರಿಂದ 7 ಬಂದ್ರೆ ಇನ್ನೊಂದು ಸುತ್ತು ಪ್ರಶ್ನೆ ಕೇಳ್ತಾರೆ, 8 ಅಥ್ವಾ ಅದಕ್ಕಿಂತ ಜಾಸ್ತಿ ಬಂದ್ರೆ ನೇರ ಅಸೆಸ್‌ಮೆಂಟ್‌ಗೆ ಕಳಿಸ್ತಾರೆ. ಯಾರನ್ನ ಸರಿಯಾಗಿ ನೋಡ್ಬೇಕು ಅಂತ ಸೋಸೋಕೆ ಅಷ್ಟೇ ಇದು, ಕೆಲವು ಮಕ್ಕಳಿಗೆ ಕೊನೆಗೆ ಬರೀ ಮಾತಿನ ತೊಂದರೆ ಅಂತಾನೂ ಆಗುತ್ತೆ.

ಆದ್ರೆ ಬಂದಿದ್ದ ಮಾತು ನಿಂತೋಯ್ತು ಅಂದ್ರಲ್ಲ, ಅದು ರೆಫರಲ್ ಚೀಟೀಲಿ ಇದೆಯಾ ನೋಡಿ. ಇಲ್ದಿದ್ರೆ ಡಾಕ್ಟ್ರ ಹತ್ರ ಮತ್ತೆ ಹೋಗಿ ಬರೆಸ್ಕೊಳ್ಳಿ. ಸೆಂಟರ್‌ನವ್ರಿಗೂ ಅದನ್ನೇ ಹೇಳಿ, ಯಾರಾದ್ರೂ ಡೇಟ್ ಕ್ಯಾನ್ಸಲ್ ಮಾಡಿದ್ರೆ ನಮಗೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬನ್ನಿ. ಅಷ್ಟರಲ್ಲಿ ಕಿವಿ ಟೆಸ್ಟ್ ಮುಗಿಸ್ಬಿಡಿ. ಹಾಡಿಗೆ ಓಡಿ ಬರ್ತಾನೆ ಅಂದ್ರೆ ಕಿವಿ ಸರಿ ಇದೆ ಅಂತಲ್ಲ, ಕೆಲವು ಮಕ್ಕಳಿಗೆ ಕೆಲವು ಶಬ್ದ ಮಾತ್ರ ಕೇಳ್ಸಲ್ಲ. ಹೆಂಗೂ ಅಸೆಸ್‌ಮೆಂಟಲ್ಲಿ ಈ ರಿಪೋರ್ಟ್ ಕೇಳೇ ಕೇಳ್ತಾರೆ, ಇಲ್ಲಾಂದ್ರೆ ಮತ್ತೆ ಅದಕ್ಕೊಂದು ಓಡಾಟ.

ಮಾತುಕತೆ:
ನಾನು ಸರ್ಕಾರಿ ಆಸ್ಪತ್ರೇಲಿ ಸ್ಪೀಚ್ ಥೆರಪಿಸ್ಟ್. ಥೆರಪಿ ಶುರು ಮಾಡೋಕೆ ಆಟಿಸಂ ಅನ್ನೋ ಹೆಸರು ಬೇಕಾಗಿಲ್ಲ ಅಮ್ಮಾ, ಮಾತು ಬಂದಿಲ್ಲ ಅನ್ನೋ ಕಾರಣ ಸಾಕು. ಸ್ಪೀಚ್‌ಗೆ, ಓಟಿಗೆ (ಆಕ್ಯುಪೇಶನಲ್ ಥೆರಪಿ, ದಿನನಿತ್ಯದ ಕೆಲಸ ಮಾಡೋಕೆ ಕಲ್ಸೋದು) ಬೇರೆ ಬೇರೆ ರೆಫರಲ್ ಕೇಳಿ. ಕೆಲವು ಕಡೆ ರಿಪೋರ್ಟ್ ಬರ್ಲಿ ಆಮೇಲೆ ನೋಡೋಣ ಅಂತಾರೆ, ಅವಾಗ ಡಾಕ್ಟ್ರ ಹತ್ರ 'ಮಾತಿನ ಬೆಳವಣಿಗೆ ಹಿಂದಿದೆ' ಅಂತ ಬರೆಸ್ಕೊಂಡು ಹೋಗಿ.

ಅಸೆಸ್‌ಮೆಂಟ್ ಅಂದ್ರೆ ರಕ್ತ ಪರೀಕ್ಷೆನೋ ಸ್ಕ್ಯಾನೋ ಅಲ್ಲ, ಅದ್ರಲ್ಲಿ ಆಟಿಸಂ ಗೊತ್ತಾಗಲ್ಲ. ಹುಟ್ಟಿದಾಗಿಂದ ಹೆಂಗಿದ್ದ ಅಂತ ನಿಮ್ಮನ್ನ ಕೇಳ್ತಾರೆ, ಅವನ ಜೊತೆ ಆಟ ಆಡ್ತಾ ಗಮನಿಸ್ತಾರೆ, ಏಡಾಸ್ ಅಥ್ವಾ ಕಾರ್ಸ್ ಅಂತ ಆಟಿಸಂ ಲಕ್ಷಣಕ್ಕೆ ಅಂಕ ಹಾಕೋ ಟೂಲ್ ಬಳಸ್ತಾರೆ. ಹೊಸ ಜಾಗದಲ್ಲಿ ಮಗು ಅತ್ತು ರಂಪ ಮಾಡಿದ್ರೆ ನಮಗೆ ಏನೂ ಕಾಣಲ್ಲ, ಅದಕ್ಕೆ ಈಗ್ಲಿಂದಾನೇ ಮನೇಲಿ ಚಿಕ್ಕ ಚಿಕ್ಕ ವಿಡಿಯೋ ಮಾಡಿಡಿ, ಹೆಸರು ಕರೆದಾಗ, ಒಬ್ನೇ ಆಡ್ವಾಗ, ಬೇರೆ ಮಕ್ಕಳ ಜೊತೆ ಇದ್ದಾಗ. ಹಳೇ ವಿಡಿಯೋದಲ್ಲಿ ಮಾತಾಡಿದ್ದು ಸಿಕ್ರೆ ಇನ್ನೂ ಒಳ್ಳೇದು.

ಇನ್ನೊಂದು, ನಮ್ಮಲ್ಲಿ ರಶ್ ಎಷ್ಟಿರುತ್ತೆ ಅಂದ್ರೆ ಒಂದು ಮಗುಗೆ ಸಿಗೋ ಟೈಮ್ ಸ್ವಲ್ಪಾನೇ. ಮಗುನ ಒಳಗೆ ಬಿಟ್ಟು ನೀವು ಹೊರಗೆ ಬೆಂಚ್ ಮೇಲೆ ಕೂತ್ರೆ ಆ ಅರ್ಧ ಗಂಟೆ ಅಲ್ಲಿಗೇ ಮುಗೀತು. ಒಳಗೆ ಬರ್ತೀನಿ, ನಂಗೂ ಕಲ್ಸಿ ಅಂತ ಕೇಳಿ. ಅವನು ನಿಮ್ ಕೈ ಎಳೀತಾನಲ್ಲ, ಅಲ್ಲೇ ನಿಂತು ಆ ವಸ್ತು ಹೆಸರು ಒಂದ್ಸಲ ಹೇಳಿ, ಸ್ವಲ್ಪ ಕಾಯಿರಿ, ಒಂದು ನೋಟ ಒಂದು ಸದ್ದು ಬಂದ್ರೂ ಕೊಡಿ, ಏನೂ ಬರ್ಲಿಲ್ಲ ಅಂದ್ರೂ ಕೊಡಿ, ಅಳ್ಸೋದು ಬೇಡ. 2ರಿಂದ 9 ವರ್ಷದ ಮಕ್ಕಳ ಅಪ್ಪ ಅಮ್ಮಂದ್ರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆದು ಒಂದು ಟ್ರೇನಿಂಗೂ ಇದೆ, ಆನ್‌ಲೈನಲ್ಲಿ ಫ್ರೀ. ಬೇಕಾದ್ದನ್ನ ತೋರ್ಸಿ ಕೇಳೋಕೆ ಚಿತ್ರದ ಕಾರ್ಡ್ ಕೊಟ್ರೆ ಮಾತೇ ಬರಲ್ಲ ಅಂತ ಯಾರಾದ್ರೂ ಹೆದರ್ಸಿದ್ರೆ ನಂಬ್ಬೇಡಿ.

ಅಪ್ಪ_ಇಬ್ರಿಗೆ:
ಥೆರಪಿ ಶುರುವಾಯ್ತು ಅಂತ ಅಸೆಸ್‌ಮೆಂಟ್ ಡೇಟ್ ಮಾತ್ರ ಬಿಡ್ಬೇಡಿ. ಹಣೆಪಟ್ಟಿ ಯಾಕೆ ಅಂತ ಮನೇಲಿ ಅಂತಾರೆ, ಆದ್ರೆ ನಾಳೆ ಸ್ಕೂಲಲ್ಲಿ ಸಹಾಯ ಕೇಳೋಕೆ, ಸರ್ಕಾರದ ಸೌಲಭ್ಯಕ್ಕೆ ಆ ಕಾಗದಾನೇ ಬೇಕಾಗೋದು. ಕಾಯೋ ಟೈಮಲ್ಲಿ ಗ್ಯಾರಂಟಿ ವಾಸಿ ಮಾಡ್ತೀವಿ ಅನ್ನೋರು ಬರ್ತಾರೆ, ಸ್ಟೆಮ್ ಸೆಲ್ಲು, ಕೀಲೇಶನ್ನು (ಮೈಯಲ್ಲಿರೋ ಲೋಹ ತೆಗೆಯೋಕೆ ಅಂತ ಔಷಧಿ ಕೊಡೋದು) ಅಂತ, ಅವರಿಗೆ ಮಾತ್ರ ಡೇಟ್ ನಾಳೆನೇ ಸಿಗುತ್ತೆ ನೋಡಿ. ಕೀಲೇಶನ್ ಇಂದ ಮಕ್ಕಳ ಜೀವಾನೇ ಹೋಗಿರೋದಿದೆ.

ಪುಟ್ಟನಮ್ಮ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕಿವಿ ಟೆಸ್ಟ್‌ಗೆ ಕೇಳ್ದೆ, ತಲೆಗೆ ವೈರ್ ಅಂಟ್ಸಿ ನೋಡೋ ಬೆರಾ ಅನ್ನೋ ಟೆಸ್ಟ್ ಮಾಡ್ಬೇಕು, ಮಗು ಮಲಗಿರ್ಬೇಕು ಅಂದ್ರು. ಇವನು ತಲೆ ಮುಟ್ಟೋಕೂ ಬಿಡಲ್ಲ, ಹೆಂಗೆ?

ಮಾತುಕತೆ:
ಹಿಂದಿನ ರಾತ್ರಿ ಲೇಟಾಗಿ ಮಲಗ್ಸಿ ಬೆಳಿಗ್ಗೆ ಬೇಗ ಎಬ್ಬಿಸ್ಕೊಂಡು ಹೋಗಿ, ದಾರೀಲಿ ನಿದ್ದೆ ಮಾಡೋಕೆ ಬಿಡ್ಬೇಡಿ, ಗಾಡೀಲೇ ಮಲಗಿಬಿಟ್ರೆ ಅಲ್ಲಿ ಹೋದ್ಮೇಲೆ ಎದ್ದು ಕೂತ್ಕೊತಾನೆ. ತಲೆ ಮುಟ್ಟೋಕೆ ಬಿಡಲ್ಲ ಅಂತ ಮೊದ್ಲೇ ಹೇಳಿ, ನಿದ್ದೆ ಬಂದ್ಮೇಲೆ ವೈರ್ ಅಂಟ್ಸ್ತಾರೆ. ಆದ್ರೂ ಆಗ್ಲಿಲ್ಲ ಅಂದ್ರೆ ಸಿರಪ್ ಕೊಟ್ಟು ಮಲಗ್ಸ್ತಾರೆ, ಅದು ಅಲ್ಲೇ ಡಾಕ್ಟ್ರ ಮುಂದೆ ಕೊಡೋದು, ಮನೇಲಿ ನೀವಾಗೇ ಏನೂ ಕೊಟ್ಕೊಂಡು ಬರ್ಬೇಡಿ.