ಎಡಮುರಿಯೋ, ಬಲಮುರಿಯೋ?

ಮಕ್ಕಳ ಪುಟಕ್ಕೆ ಅಳಿದುಹೋದ ಒಂದು ಕಡಲ ಬಸವನಹುಳುವಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ನೆಪ್ಚೂನಿಯ ಅಂಗುಲೇಟ. ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ರೆಡ್ ಕ್ರ್ಯಾಗ್ ಎಂಬ ಮರಳು ಪದರದಲ್ಲಿ ಇದರ ಚಿಪ್ಪು ಸಿಗುತ್ತದೆ. ಇಪ್ಪತ್ತೈದು ಲಕ್ಷ ವರ್ಷಕ್ಕಿಂತ ಹಳೆಯ ಮರಳು ಅದು. ಕಬ್ಬಿಣದ ಅಂಶ ಹಿಡಿದು ಚಿಪ್ಪೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಹಿಂದೆ ಇದನ್ನು ನೆಪ್ಚೂನಿಯ ಕಾಂಟ್ರೇರಿಯ ಅಂತಲೇ ಕರೆಯುತ್ತಿದ್ದರು. ಆ ಹೆಸರಿನದು ಸ್ಪೇನ್, ಪೋರ್ಚುಗಲ್ ಕಡೆಯ ಕಡಲಿನಲ್ಲಿ ಈಗಲೂ ಇದೆ. ಈಗ ಇದನ್ನು ಅದರಿಂದ ಬೇರೆ ಜಾತಿ ಎಂದು ಎಣಿಸುತ್ತಾರೆ. ಎರಡೂ ಬಕ್ಸಿನಿಡೆ ಕುಟುಂಬದವು.

ತೊಡಕು ಇರುವುದು ಚಿಪ್ಪಿನ ಸುತ್ತಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ. ಯಾವುದೇ ಚಿಪ್ಪನ್ನು ಚೂಪು ತುದಿ ಮೇಲೆ ಮಾಡಿ, ಬಾಯಿ ನಮ್ಮತ್ತ ತಿರುಗಿಸಿ ಹಿಡಿಯಿರಿ. ಹೆಚ್ಚಿನವುಗಳ ಬಾಯಿ ಬಲಕ್ಕಿರುತ್ತದೆ. ಇದರದ್ದು ಎಡಕ್ಕೆ. ಜೀವಶಾಸ್ತ್ರದವರು ಸಿನಿಸ್ಟ್ರಲ್ ಅನ್ನುತ್ತಾರೆ. ಕನ್ನಡದಲ್ಲಿ ಎಡಮುರಿ ಅಂದರೆ ಮುಗಿಯಿತು, ಅಲ್ವಾ?

ಮುಗಿಯುವುದಿಲ್ಲ. ಉಡುಪಿಯ ರಥಬೀದಿಯಲ್ಲಿ ಪೂಜೆ ಸಾಮಾನಿನ ಅಂಗಡಿಗೆ ಹೋಗಿ ಬಲಮುರಿ ಶಂಖ ಕೇಳಿ ನೋಡಿ. ಸಿನಿಸ್ಟ್ರಲ್ ಅಂತಾರಲ್ಲ, ಸರಿಯಾಗಿ ಅದೇ ಬಲಮುರಿ! ಪೂಜೆಯವರ ಲೆಕ್ಕದಲ್ಲಿ ನೀಳವಾದ ಮೂತಿ (ಬಾಯಿಯ ಕೊನೆಯ ಕೊಳವೆ) ಮೇಲೆ, ಚೂಪು ತುದಿ ಕೆಳಗೆ. ಚಿಪ್ಪು ತಲೆಕೆಳಗಾದರೆ ಎಡಕ್ಕಿದ್ದ ಬಾಯಿ ಬಲಕ್ಕೆ ಬಂತು. ನಾವು ಊದುವ ಸಾಮಾನ್ಯ ಶಂಖ, ಟರ್ಬಿನೆಲ್ಲ ಪೈರಮ್, ಶಾಸ್ತ್ರಜ್ಞರಿಗೆ ಬಲಸುತ್ತಿನದು, ಭಟ್ಟರಿಗೆ ಎಡಮುರಿ. (ಬಲಮುರಿ ಅಂತ ದುಬಾರಿ ಬೆಲೆಗೆ ಮಾರುವುದರಲ್ಲಿ ಅಮೆರಿಕದ ಕಡಲಿನ ಬೇರೆಯೇ ಹುಳುವಿನ ಚಿಪ್ಪೂ ಇರುತ್ತದೆ. ಆ ಜಾತಿಗೆ ಎಡಸುತ್ತೇ ಮಾಮೂಲು. ಕೊಳ್ಳುವವರು ಜೋಪಾನ.)

ಎಡಮುರಿ ಎಂದು ಬರೆದರೆ ಮನೆಯ ಅಜ್ಜಿ ತಕರಾರು ತೆಗೆಯುತ್ತಾರೆ, ಬಲಮುರಿ ಎಂದರೆ ಶಾಲೆಯ ಮೇಷ್ಟ್ರು. ನನ್ನ ಒಲವು 'ಎಡಬಾಯಿ ಚಿಪ್ಪು' ಎಂಬ ಕಡೆಗೆ. ಮುರಿಯುವ ಮಾತೇ ಬೇಡ, ಬಾಯಿ ಎಲ್ಲಿದೆ ಅಂತ ಹೇಳಿದರೆ ಸಾಕು. ಹಿಡಿಯುವ ಬಗೆಯನ್ನು ಒಂದು ಸಾಲಿನಲ್ಲಿ ಸೇರಿಸುತ್ತೇನೆ.

ಇನ್ನೆರಡು ಸಣ್ಣ ಅನುಮಾನ. ಬಾಯಿಯ ಕೊನೆಗೆ ಚಾಚಿಕೊಂಡ ಕೊಳವೆಗೆ ನಾನು ಮೂತಿ ಎಂದಿದ್ದೇನೆ. ಮಲ್ಪೆ, ಬೆಂಗ್ರೆ ಕಡೆಯ ಮೀನುಗಾರರು ಇದಕ್ಕೆ ಏನನ್ನುತ್ತಾರೆ? ಮತ್ತೆ, ತುಳುವಿನ 'ನರ್ತೆ' (ಬಸವನಹುಳು) ನನ್ನ ಕಿವಿಗೆ ಗದ್ದೆ, ತೋಡಿನದು. ಕಡಲಿನದಕ್ಕೂ ಅದನ್ನೇ ಬಳಸುವವರು ಇದ್ದೀರಾ?