ಅಪ್‌ಡೇಟ್: ಪಾಠ ಓದುವ ದನಿಗೆ ಕೊನೆಗೂ ಕನ್ನಡ ಬಂತು

ಮುಂಬೈನ ಸಯನ್‌ನ ಸಂಜೆ ತರಗತಿಯಲ್ಲಿ ದೊಡ್ಡವರಿಗೆ ಓದು ಕಲಿಸಲು ಹಾಕಿದ, ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಎನ್‌ವಿಡಿಎ, ಕನ್ನಡ ಪಾಠ ಬಿಟ್ಟು ಏನೇನೋ ಇಂಗ್ಲಿಷ್ ಅಕ್ಷರ ಬಡಬಡಿಸುತ್ತಿದೆ ಅಂತ ಹೋದ ವಾರ ಕೇಳಿದ್ದೆ.

ದನಿ ಬದಲಿಸಿದ್ದು, ಮತ್ತೆ ಇನ್‌ಸ್ಟಾಲ್ ಮಾಡಿದ್ದು ಎರಡೂ ದಂಡ. ‘ಮೊದಲು ಫಾಂಟ್ ನೋಡಿ’ ಅಂದವರು ಗೆದ್ದರು. ಪಾಠ ಟೈಪಾಗಿದ್ದು ಹಳೇ ನುಡಿ ಫಾಂಟಿನಲ್ಲಿ: ಕಣ್ಣಿಗೆ ಕನ್ನಡ, ಫೈಲಿನೊಳಗೆ ಬರೀ ಇಂಗ್ಲಿಷ್ ಚಿಹ್ನೆ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಬರಹವನ್ನು ದನಿಯಾಗಿಸುವ ಇಸ್ಪೀಕ್‌ನ ಕನ್ನಡ ದನಿ ಆರಿಸಿದ ಮೇಲೆ ಸರಿಯಾಗಿ ಓದಿತು. ಆದರೆ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ತಾಳೆ ನೋಡಿ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಅಕ್ಷರಕ್ಕಿಂತ ಮೊದಲು ಬರಬೇಕು. ಇಲ್ಲದಿದ್ದರೆ ‘ಧರ್ಮ’ ‘ಧಮರ್’ ಆಗುತ್ತದೆ!

ಇನ್ಸರ್ಟ್, ಕಂಟ್ರೋಲ್, ವಿ ಒಟ್ಟಿಗೆ ಒತ್ತಿ ದನಿಯ ಸೆಟ್ಟಿಂಗ್ ತೆರೆದು, ಓದುವ ವೇಗವನ್ನು 15ಕ್ಕೆ ಇಳಿಸಿದೆ. ಇಡೀ ಸಾಲು ಓದಿಸಿದರೆ ಕಲಿಯುವವರು ಕಿವಿಯಲ್ಲೇ ಬಾಯಿಪಾಠ ಮಾಡಿಬಿಡುತ್ತಾರೆ. ಕಂಟ್ರೋಲ್ ಹಿಡಿದು ಬಲ ಬಾಣ ಒತ್ತಿ, ಒಂದೊಂದೇ ಪದ. ಮೊದಲು ಅವರು ಓದಬೇಕು, ಆಮೇಲೆ ಕಂಪ್ಯೂಟರ್.

ಅಚ್ಚರಿಯೆಂದರೆ ತರಗತಿಯ ಅಕ್ಕಂದಿರು ಮೊದಲು ಕಲಿಸಿ ಅಂತ ಕೇಳಿದ್ದು ಕನ್ನಡವನ್ನಲ್ಲ, ಮುಂಬೈ ನಗರ ಸಾರಿಗೆಯ ‘ಬೆಸ್ಟ್’ ಬಸ್ಸಿನ ಮುಂದಿನ ದೇವನಾಗರಿ ಅಂಕಿಗಳನ್ನು. ಆ ಹತ್ತು ಅಂಕಿಯೇ ಈಗ ನಮ್ಮ ಮೊದಲ ಪಾಠ.